ದಿಮ್ಮಿ ಉರುಳುವುದಿಲ್ಲವೇ? – ಮನೆ ಕಟ್ಟುವ ಪಾಠವೊಂದರ ಅನುಭವ

ಕೊರಟಗೆರೆ ತಾಲ್ಲೂಕಿನ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ. ಏಳನೇ ತರಗತಿ, ಬೆಳಗಿನ ಎರಡನೇ ಅವಧಿ. ನಮ್ಮ ಪ್ರಶಿಕ್ಷಣಾರ್ಥಿಯೊಬ್ಬರು ಅಬ್ರಹಾಂ ಲಿಂಕನ್ನರ ಬಾಲ್ಯದ ಬಗ್ಗೆ ಪಾಠ ಮಾಡುತ್ತಿದ್ದರು. ನಾನು ಹಿಂದಿನ ಬೆಂಚಿನಲ್ಲಿ ವೀಕ್ಷಣಾ ಪುಸ್ತಕ ತೆರೆದು ಕುಳಿತಿದ್ದೆ. ಲಿಂಕನ್ 1809ರಲ್ಲಿ ಅಮೆರಿಕದ ಕೆಂಟಕಿಯಲ್ಲಿ, ಮರದ ದಿಮ್ಮಿಗಳಿಂದ ಕಟ್ಟಿದ ಒಂದೇ ಕೋಣೆಯ ಮನೆಯಲ್ಲಿ ಹುಟ್ಟಿದರು ಎಂಬಲ್ಲಿಗೆ ಪಾಠ ಬಂದಾಗ ಮೂರನೇ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತಳು.

"ಮಿಸ್, ದಿಮ್ಮಿ ದುಂಡಗಿರ್ತದಲ್ಲ. ಒಂದರ ಮೇಲೊಂದು ಇಟ್ರೆ ಉರುಳಿ ಹೋಗಲ್ವಾ?"

ಪ್ರಶಿಕ್ಷಣಾರ್ಥಿ ಕಪ್ಪುಹಲಗೆಯ ಮೇಲೆ ನಾಲ್ಕು ದುಂಡು ಬರೆದರು, ಅಳಿಸಿದರು, ಮತ್ತೆ ಬರೆದರು. ಮಕ್ಕಳು ತಲೆಗೊಂದು ಉತ್ತರ ಹೇಳತೊಡಗಿದರು. ಒಬ್ಬ ಹಗ್ಗ ಕಟ್ಟಬೇಕು ಅಂದ, ಇನ್ನೊಬ್ಬ ಗೂಟ ಹೊಡೆಯಬೇಕು ಅಂದ. ಹತ್ತು ನಿಮಿಷ ಹೀಗೇ ಹೋಯಿತು. ಗಂಟೆ ಹೊಡೆದಾಗ ಲಿಂಕನ್ ಇನ್ನೂ ಶಾಲೆಗೆ ಸೇರಿರಲಿಲ್ಲ. ನಾನು ಪುಸ್ತಕದಲ್ಲಿ ಬರೆದೆ: 'ವಿಷಯಾಂತರ. ಸಮಯ ನಿರ್ವಹಣೆ ಸಾಲದು.' ಆ ಅಂಶಕ್ಕೆ ಹತ್ತಕ್ಕೆ ನಾಲ್ಕು ಅಂಕ ಕೊಟ್ಟೆ.

ಸಂಜೆ ಹಿಮ್ಮಾಹಿತಿಯ ಹೊತ್ತಿನಲ್ಲಿ ಅವರು ಅಂಕದ ಬಗ್ಗೆ ಒಂದು ಮಾತೂ ಆಡಲಿಲ್ಲ. "ಸರ್, ನಿಜವಾಗಲೂ ಯಾಕೆ ಉರುಳಲ್ಲ?" ಎಂದು ಕೇಳಿದರು. ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎನ್ನುವ ಬದಲು "ಮೊಳೆ ಹೊಡೆದಿರುತ್ತಾರೆ" ಎಂದುಬಿಟ್ಟೆ. ಇಪ್ಪತ್ತು ವರ್ಷದಿಂದ ಪ್ರಶಿಕ್ಷಣಾರ್ಥಿಗಳಿಗೆ 'ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನಿ, ಹುಡುಕಿ ನಾಳೆ ಹೇಳಿ' ಎಂದು ಬೋಧಿಸಿದವನು ನಾನು. ಕೊರಟಗೆರೆಯಿಂದ ಮಧುಗಿರಿಗೆ ಬರುವ ಬಸ್ಸಿನಲ್ಲಿ ಆ ಮೊಳೆ ನನಗೇ ಚುಚ್ಚುತ್ತಿತ್ತು. ಮುಂದಿನ ವಾರಗಳಲ್ಲಿ ನಾಲ್ಕು ತಾಲ್ಲೂಕಿನ ನಾಲ್ಕು ಶಾಲೆಗಳಲ್ಲಿ, ನಾಲ್ವರು ಪ್ರಶಿಕ್ಷಣಾರ್ಥಿಗಳೊಂದಿಗೆ ಈ ಒಂದು ಪ್ರಶ್ನೆಯನ್ನೇ ಪಾಠವಾಗಿ ಬೆಳೆಸಿದೆವು. ಆ ಪಾಠದಲ್ಲಿ ಏನು ನಡೆಯಿತು ಎಂಬುದೇ ಈ ಲೇಖನ.

ದಿಮ್ಮಿ ಮನೆ

ಮೊದಲು ಉತ್ತರ. ದಿಮ್ಮಿ ಉರುಳದಿರುವುದು ಮೊಳೆಯಿಂದಲ್ಲ, ಕಚ್ಚಿನಿಂದ. ಗೋಡೆಯ ಮೂಲೆಯಲ್ಲಿ ಎರಡು ದಿಮ್ಮಿಗಳು ಒಂದನ್ನೊಂದು ದಾಟುತ್ತವೆ. ಮೇಲಿನ ದಿಮ್ಮಿಯ ಕೆಳಮೈಯಲ್ಲಿ ಕೆಳಗಿನ ದಿಮ್ಮಿಯ ದುಂಡಿಗೆ ಸರಿಯಾಗಿ ತಟ್ಟೆಯಂತೆ ತೋಡಿರುತ್ತಾರೆ. ಕುದುರೆಯ ಬೆನ್ನ ಮೇಲೆ ಜೀನು ಕುಳಿತ ಹಾಗೆ ಅದು ಕುಳಿತುಕೊಳ್ಳುತ್ತದೆ. ನಾಲ್ಕು ಮೂಲೆಯಲ್ಲೂ ಹೀಗೆ ಕಚ್ಚಿಕೊಂಡ ಮೇಲೆ ಮೇಲಿನ ಭಾರವೇ ಅದನ್ನು ಹಿಡಿದಿಡುತ್ತದೆ. ತರಗತಿಯಲ್ಲಿ ಇದನ್ನು ತೋರಿಸಲು ನಾಲ್ಕು ಜೋಳದ ದಂಟು ಸಾಕು. ಬ್ಲೇಡನ್ನು ಶಿಕ್ಷಕರೇ ಹಿಡಿಯಲಿ. ಕಚ್ಚು ತೋಡಿದ ದಂಟನ್ನು ಮಕ್ಕಳು ಜೋಡಿಸಿ ಊದಿ ನೋಡಿದರು, ಉರುಳಲಿಲ್ಲ. ಕಚ್ಚಿಲ್ಲದ ದಂಟು ಮೇಜಿನಿಂದ ಕೆಳಗೆ ಬಿತ್ತು.

ಆದರೆ ಕಥೆ ಇರುವುದು ಮೂಲೆಯಲ್ಲಿ ಮಾತ್ರವಲ್ಲ. ಯಾವ ಮರವೂ ಬುಡದಿಂದ ತುದಿಯವರೆಗೆ ಒಂದೇ ದಪ್ಪ ಇರುವುದಿಲ್ಲ. ಹಾಗಾಗಿ ಒಂದು ಸಾಲಿನಲ್ಲಿ ಬುಡ ಎಡಕ್ಕೆ ಬಂದರೆ ಮುಂದಿನ ಸಾಲಿನಲ್ಲಿ ಬಲಕ್ಕೆ ಇಡುತ್ತಾರೆ, ಇಲ್ಲದಿದ್ದರೆ ಗೋಡೆ ಒಂದು ಕಡೆಗೆ ಏರುತ್ತದೆ. ದಿಮ್ಮಿಯ ಮೈಯಲ್ಲಿ ಗಂಟು, ಉಬ್ಬು, ತಗ್ಗು ಎಲ್ಲ ಇರುತ್ತವೆ. ಕೈಕೆಲಸದ ಬಡಗಿ ಕೈವಾರದಂಥ ಎರಡು ಮೊನೆಯ ಉಪಕರಣ ಹಿಡಿಯುತ್ತಾನೆ. ಅದರ ಒಂದು ಮೊನೆ ಕೆಳಗಿನ ದಿಮ್ಮಿಯ ಮೇಲೆ ಜಾರುತ್ತದೆ, ಇನ್ನೊಂದು ಮೊನೆ ಅದೇ ಏರಿಳಿತವನ್ನು ಮೇಲಿನ ದಿಮ್ಮಿಯ ಮೇಲೆ ಗೀಚುತ್ತದೆ. ಆ ಗೆರೆಗೆ ಸರಿಯಾಗಿ ಉದ್ದಕ್ಕೂ ಕೊರೆದು ಮತ್ತೆ ಕೂರಿಸುತ್ತಾನೆ. ಎರಡರ ನಡುವೆ ಪಾಚಿಯನ್ನೋ ಉಣ್ಣೆಯನ್ನೋ ತುಂಬುತ್ತಾನೆ. ಲಿಂಕನ್ನರ ಮನೆಯಂಥ ಬಡವರ ಮನೆಗಳಲ್ಲಿ ಇಷ್ಟು ನಾಜೂಕು ಇರುತ್ತಿರಲಿಲ್ಲ, ಸಂದಿಗೆ ಜೇಡಿಮಣ್ಣು ಮೆತ್ತುತ್ತಿದ್ದರು. ನೆಲವೂ ಮಣ್ಣಿನದೇ. ಇದನ್ನು ಹೇಳಿದಾಗ ಕೊರಟಗೆರೆಯ ಮಕ್ಕಳ ಮುಖದಲ್ಲಿ ಲಿಂಕನ್ ಸ್ವಲ್ಪ ಹತ್ತಿರದವನಾದದ್ದು ಕಂಡಿತು.

ಇನ್ನೊಂದು ಸಂಗತಿ ನನಗೂ ಹೊಸದು. ಮರ ಒಣಗುವಾಗ ಉದ್ದಕ್ಕೆ ಹೆಚ್ಚುಕಡಿಮೆ ಕುಗ್ಗುವುದೇ ಇಲ್ಲ, ಅಡ್ಡಕ್ಕೆ ಕುಗ್ಗುತ್ತದೆ. ದಿಮ್ಮಿಗಳನ್ನು ಮಲಗಿಸಿ ಕಟ್ಟಿದ ಗೋಡೆಯಲ್ಲಿ ಪ್ರತಿ ದಿಮ್ಮಿಯೂ ಅಷ್ಟಿಷ್ಟು ಕುಗ್ಗಿ, ಹಸಿ ಮರದ ಎಂಟು ಅಡಿ ಗೋಡೆ ಕೆಲವು ವರ್ಷಗಳಲ್ಲಿ ನಾಲ್ಕೈದು ಅಂಗುಲ ಕೆಳಗಿಳಿಯಬಹುದು. ಅದಕ್ಕೇ ಬಾಗಿಲು ಕಿಟಕಿಗಳ ಮೇಲೆ ಬೇಕೆಂದೇ ಸಂದು ಬಿಟ್ಟು ಹಲಗೆಯಿಂದ ಮುಚ್ಚುತ್ತಾರೆ. ನಡುಮನೆಯ ನಿಂತ ಕಂಬ ಕುಗ್ಗುವುದಿಲ್ಲವಲ್ಲ, ಅದರ ಬುಡದಲ್ಲಿ ತಿರುಪು ಇಟ್ಟು ವರ್ಷ ವರ್ಷ ಅಷ್ಟಷ್ಟೇ ಇಳಿಸುತ್ತಾರೆ. ಕಟ್ಟಿ ಮುಗಿದ ಮೇಲೂ ಮನೆ ಇಳಿಯುತ್ತಲೇ ಇರುತ್ತದೆ ಎನ್ನುವುದನ್ನು ಮಕ್ಕಳು ನಂಬಲು ಸಿದ್ಧರಿರಲಿಲ್ಲ. ಕೊನೆಗೆ ಒಬ್ಬ ಹುಡುಗ, "ನಮ್ಮ ಮನೆ ಬಾಗ್ಲೂ ಮಳೆಗಾಲದಲ್ಲಿ ಬಿಗಿ ಆಗ್ತದೆ, ಬೇಸಿಗೇಲಿ ಸಡಿಲ" ಅಂದ. ಪೂರ್ವಜ್ಞಾನ ಎನ್ನುವುದು ಇಂಥ ಕಡೆ ಸಿಗುತ್ತದೆ. ಪಾಠ ಯೋಜನೆಯ ಎರಡನೇ ಅಂಕಣದಲ್ಲಿ 'ಮಕ್ಕಳು ಮನೆಗಳ ಬಗ್ಗೆ ತಿಳಿದಿರುತ್ತಾರೆ' ಎಂದು ಬರೆದರೆ ಸಿಗುವುದಿಲ್ಲ.

ಹಾಗಾದರೆ ನಮ್ಮಲ್ಲಿ ಯಾಕಿಲ್ಲ? ಇದನ್ನು ಲೆಕ್ಕದ ಅವಧಿಗೆ ದಾಟಿಸಿದೆವು. ಒಂದು ಅಡಿ ದಪ್ಪದ ದಿಮ್ಮಿ, ಎಂಟು ಅಡಿ ಎತ್ತರದ ಗೋಡೆ. ಗೋಡೆಗೆ ಎಂಟು, ನಾಲ್ಕು ಗೋಡೆಗೆ ಮೂವತ್ತೆರಡು ದಿಮ್ಮಿ. ಒಂದೊಂದೂ ಇಪ್ಪತ್ತು ಮೂವತ್ತು ಅಡಿ ಉದ್ದ, ನೆಟ್ಟಗೆ ಇರಬೇಕು. ಚಳಿದೇಶದ ಪೈನ್, ಸ್ಪ್ರೂಸ್ ಮರಗಳು ಹಾಗೆ ಬೆಳೆಯುತ್ತವೆ. ನಮ್ಮ ಬೇವು, ಹುಣಸೆ, ಜಾಲಿ? "ನಮ್ಮೂರಿನ ಬೇವಿನ ಮರಾನೆಲ್ಲ ಕಡಿದ್ರೂ ಒಂದು ಮನೆ ಆಗಲ್ಲ ಮಿಸ್" ಎಂದು ತೀರ್ಮಾನವಾಯಿತು.

ಮಧುಗಿರಿಯಲ್ಲಿ ಸೀಮೆಸುಣ್ಣ

ಮಧುಗಿರಿಯ ಶಾಲೆಯಿಂದ ಏಕಶಿಲಾ ಬೆಟ್ಟ ಕಿಟಕಿಯಲ್ಲೇ ಕಾಣುತ್ತದೆ. ಇಲ್ಲಿ ಮನೆಯ ಪಾಠ ಕಲ್ಲಿನಿಂದಲ್ಲದೆ ಬೇರೆಲ್ಲಿಂದ ಶುರುವಾಗಬೇಕು? ಕಲ್ಲಿನ ಗೋಡೆ, ಕಲ್ಲಿನ ಕಂಬ, ಮೇಲೆ ಕಲ್ಲು ಚಪ್ಪಡಿ. ಹಳೇ ಮನೆಗಳನ್ನು ನೋಡಿಬಂದ ಮಕ್ಕಳಿಗೆ ಪ್ರಶಿಕ್ಷಣಾರ್ಥಿ ಕೇಳಿದ ಪ್ರಶ್ನೆ ಒಂದೇ: ಕಂಬಗಳು ಇಷ್ಟು ಹತ್ತಿರ ಹತ್ತಿರ ಯಾಕಿವೆ? ನಡುಮನೆಯಲ್ಲಿ ಓಡಾಡಲು ಅಡ್ಡಿಯಲ್ಲವೇ?

ಉತ್ತರಕ್ಕೆ ಪ್ರತಿ ಮಗುವಿಗೂ ಅರ್ಧ ಸೀಮೆಸುಣ್ಣ ಕೊಟ್ಟೆವು. ಎರಡು ತುದಿ ಹಿಡಿದು ಒಳಕ್ಕೆ ಒತ್ತಿ ಎಂದರೆ ಯಾರಿಂದಲೂ ಮುರಿಯಲಾಗಲಿಲ್ಲ. ಬಗ್ಗಿಸಿ ಎಂದರೆ ಒಂದನೇ ತರಗತಿಯ ಮಗುವೂ ಪಟಕ್ಕನೆ ಮುರಿಯಿತು. ಬಗ್ಗಿಸಿದಾಗ ಮೇಲ್ಮೈ ಒತ್ತಿಕೊಳ್ಳುತ್ತದೆ, ಕೆಳಮೈ ಎಳೆದುಕೊಳ್ಳುತ್ತದೆ. ಕಲ್ಲು ಒತ್ತಡವನ್ನು ಎಷ್ಟು ಬೇಕಾದರೂ ತಾಳುತ್ತದೆ, ಎಳೆತವನ್ನು ತಾಳುವುದಿಲ್ಲ. ಅದಕ್ಕೇ ಚಪ್ಪಡಿಯನ್ನು ಕೆಲವೇ ಅಡಿಗಳ ಅಂತರದಲ್ಲಿ ಹೊರಬೇಕು. ಸಿಮೆಂಟ್ ಕಾಂಕ್ರೀಟಿನ ಗುಣವೂ ಕಲ್ಲಿನದೇ. ಎಳೆತ ಬೀಳುವ ಕಡೆ ಕಬ್ಬಿಣದ ಕಂಬಿ ಇಟ್ಟಿದ್ದರಿಂದಲೇ ಕಂಬಗಳು ದೂರ ಸರಿದವು.

ಇದನ್ನು ಮಾತಿನಲ್ಲಿ ಹೇಳಿ ಬಿಡುವುದು ಸುಲಭ. ನಾವು ಜೇಡಿಮಣ್ಣಿನಲ್ಲಿ ಸ್ಕೇಲಿನಷ್ಟು ಉದ್ದದ ಮೂರು ತೊಲೆಗಳನ್ನು ಮಾಡಿಸಿದೆವು. ಒಂದಕ್ಕೆ ಏನೂ ಇಲ್ಲ, ಒಂದಕ್ಕೆ ಮೇಲ್ಭಾಗದಲ್ಲಿ ಮೂರು ಪೊರಕೆ ಕಡ್ಡಿ, ಇನ್ನೊಂದಕ್ಕೆ ಕೆಳಭಾಗದಲ್ಲಿ ಮೂರು ಕಡ್ಡಿ. ನೆರಳಲ್ಲಿ ನಾಲ್ಕು ದಿನ ಒಣಗಿಸಿ, ಎರಡು ಇಟ್ಟಿಗೆಗಳ ಮೇಲಿಟ್ಟು, ನಡುವೆ ಕೈಚೀಲ ತೂಗುಹಾಕಿ ಕಲ್ಲು ಹಾಕುತ್ತಾ ಬಂದೆವು. ಮೊದಲ ಎರಡೂ ಬೇಗ ಮುರಿದವು. ಕೆಳಗೆ ಕಡ್ಡಿ ಇದ್ದದ್ದು ಬಿರುಕು ಬಿಟ್ಟಿತು, ಆದರೆ ಬೀಳಲಿಲ್ಲ. ಬಿಸಿಲಲ್ಲಿ ಒಣಗಿಸಬೇಡಿ, ತೊಲೆ ತಾನಾಗಿಯೇ ಸೀಳಿ ಪ್ರಯೋಗ ಕೆಡುತ್ತದೆ. ನಮ್ಮ ಮೊದಲ ಕಂತು ಹಾಗೇ ಹಾಳಾಯಿತು.

'ಕಂಬಿ ಯಾವಾಗಲೂ ಕೆಳಗೆ' ಎಂದು ಪ್ರಶಿಕ್ಷಣಾರ್ಥಿ ಹಲಗೆಯ ಮೇಲೆ ಬರೆಯುವಷ್ಟರಲ್ಲಿ ಹಿಂದಿನ ಸಾಲಿನ ಹುಡುಗ ಕೈಯೆತ್ತಿದ. ಅವನ ತಂದೆ ಗಾರೆ ಕೆಲಸದವರು. "ಸಜ್ಜಕ್ಕೆ ಕಂಬಿ ಮೇಲ್ಗಡೆ ಬರ್ಬೇಕು ಸರ್. ಕೆಳಗೆ ಹಾಕಿದ್ರೆ ಸಜ್ಜ ಬಿದ್ದೋಗ್ತದೆ." ಅವನು ಹೇಳಿದ್ದು ಪೂರ್ತಿ ಸರಿ. ಸಜ್ಜ ಒಂದೇ ಕಡೆ ಹಿಡಿದು ಚಾಚಿಕೊಂಡಿರುವುದು, ಎಳೆತ ಬೀಳುವುದು ಅದರ ಮೇಲ್ಮೈಗೆ. ಪ್ರಶಿಕ್ಷಣಾರ್ಥಿ 'ಯಾವಾಗಲೂ' ಎಂಬ ಪದವನ್ನು ಅಳಿಸಿ 'ಎಳೆತ ಬೀಳುವ ಕಡೆ' ಎಂದು ತಿದ್ದಿದರು. ಆ ದಿನದ ವೀಕ್ಷಣಾ ಪುಸ್ತಕದಲ್ಲಿ ನಾನು ಬರೆದ ಒಳ್ಳೆಯ ಸಾಲು ಅದರ ಬಗ್ಗೆಯೇ.

ಶಿರಾ ಹೆದ್ದಾರಿಯ ಅಂಗಳ

ರೆಡಿಮೇಡ್ ಮನೆ ಎಂದರೆ ಮಕ್ಕಳಿಗೆ ಏನೂ ಗೊತ್ತಿರಲಾರದು ಎಂದುಕೊಂಡಿದ್ದೆವು. ಶಿರಾ ಶಾಲೆಯ ಮಕ್ಕಳು ಬೇಗನೆ ನಮ್ಮ ಭ್ರಮೆ ಬಿಡಿಸಿದರು. ಶೌಚಾಲಯದ ಗುಂಡಿಗೆ ಇಳಿಸುವ ಸಿಮೆಂಟ್ ರಿಂಗು, ಸಿಮೆಂಟಿನ ಕಿಟಕಿ ಚೌಕಟ್ಟು, ಸೈಟುಗಳ ಸುತ್ತ ಎದ್ದಿರುವ ರೆಡಿಮೇಡ್ ಕಾಂಪೌಂಡು. ಎಲ್ಲೋ ಅಚ್ಚಿನಲ್ಲಿ ಎರೆದು, ಲಾರಿಯಲ್ಲಿ ತಂದು, ಇಲ್ಲಿ ಜೋಡಿಸಿದ್ದು. ರೆಡಿಮೇಡ್ ಮನೆ ಎಂದರೆ ಅದೇ ಉಪಾಯವನ್ನು ಗೋಡೆಗೂ ಚಾವಣಿಗೂ ಹಬ್ಬಿಸುವುದು.

ಹೆದ್ದಾರಿ ಪಕ್ಕದ, ಸಿಮೆಂಟ್ ಸಾಮಾನು ಮಾಡುವ ಒಂದು ಅಂಗಳಕ್ಕೆ ಮಕ್ಕಳನ್ನು ಕರೆದೊಯ್ದೆವು. ಕಬ್ಬಿಣದ ಅಚ್ಚಿಗೆ ಎಣ್ಣೆ ಬಳಿಯುತ್ತಾರೆ, ಕಂಬಿಯ ಜಾಲ ಇಡುತ್ತಾರೆ, ಕಾಂಕ್ರೀಟ್ ಸುರಿದು ಯಂತ್ರದಿಂದ ಅಲುಗಿಸಿ ಗಾಳಿಗುಳ್ಳೆ ಹೊರಡಿಸುತ್ತಾರೆ. ಮಾರನೇ ದಿನ ಅಚ್ಚು ಬಿಚ್ಚಿ, ಹಲಗೆಯನ್ನು ಒದ್ದೆ ಗೋಣಿಚೀಲದಡಿ ದಿನಗಟ್ಟಲೆ ನೆನೆಸುತ್ತಾರೆ. ಒಂದು ಹುಡುಗಿ ಹಲಗೆಯ ಮೇಲಿದ್ದ ಬಣ್ಣದ ಗುರುತು ತೋರಿಸಿ ಏನೆಂದು ಕೇಳಿದಳು. "ಇದು ಮೇಲ್ಮುಖ ಅಂತ ಗುರುತು ಕಣಮ್ಮ. ತಲೆಕೆಳಗು ಎತ್ತಿದ್ರೆ ಸೀಳ್ತದೆ" ಎಂದರು ಅಲ್ಲಿನ ಮೇಸ್ತ್ರಿ. ಮಧುಗಿರಿಯ ಪೊರಕೆ ಕಡ್ಡಿ ತೊಲೆ ಇಲ್ಲಿ ತಾನೇ ಎದುರಿಗೆ ಬಂದು ನಿಂತಿತ್ತು. ಮಕ್ಕಳು ಬೇರೆ ಶಾಲೆಯವರಾದ್ದರಿಂದ ಅದು ನಮಗೆ ಮಾತ್ರ ಗೊತ್ತಾಯಿತು. ಮುಂದಿನ ವರ್ಷ ಎರಡೂ ಚಟುವಟಿಕೆಯನ್ನು ಒಂದೇ ಶಾಲೆಯಲ್ಲಿ ಮಾಡಿಸಬೇಕು.

ನಮ್ಮ ಇಡೀ ಪಾಠಕ್ಕೆ ಕೀಲಿಯಾದ ಪ್ರಶ್ನೆ ಇಲ್ಲಿ ಹುಟ್ಟಿತು. ಅಂಗಳದ ಮೂಲೆಯಲ್ಲಿ ಹತ್ತಿಪ್ಪತ್ತು ಹಲಗೆಗಳು ಬಿದ್ದಿದ್ದವು. ಎಲ್ಲದರ ಅಂಚೂ ಒಂದೇ ಜಾಗದಲ್ಲಿ ಒಂದೇ ರೀತಿ ಚಕ್ಕೆ ಎದ್ದಿತ್ತು. ಅಚ್ಚು ಸೊಟ್ಟಗಾಗಿದ್ದನ್ನು ಯಾರೂ ಗಮನಿಸಿರಲಿಲ್ಲವಂತೆ. ಪ್ರಶಿಕ್ಷಣಾರ್ಥಿ ಶಾಲೆಗೆ ಮರಳಿದ ಮೇಲೆ ಕೇಳಿದರು: ತಪ್ಪಾದರೆ ಎಲ್ಲಿ ತಿದ್ದಬಹುದು?

ದಿಮ್ಮಿ ಮನೆಯಲ್ಲಿ ಮುಂದಿನ ದಿಮ್ಮಿ ಏರುವ ಮೊದಲು ತಿದ್ದಬಹುದು. ದಿಮ್ಮಿಯನ್ನು ಕೆಳಗಿಳಿಸಿ ಮತ್ತಷ್ಟು ಕೊರೆದು ಮತ್ತೆ ಕೂರಿಸಬಹುದು. ಒಂದೊಂದು ತುಂಡೂ ತನ್ನ ಪಕ್ಕದ ತುಂಡನ್ನು ನೋಡಿಕೊಂಡೇ ಆಕಾರ ಪಡೆಯುತ್ತದೆ. ಅಚ್ಚಿನ ಮನೆಯಲ್ಲಿ ತುಂಡುಗಳು ಒಂದನ್ನೊಂದು ನೋಡುವುದು ಕ್ರೇನಿನ ಕೆಳಗೆ ಮೊದಲ ಸಲ. ಅಲ್ಲಿ ಹೊಂದದಿದ್ದರೆ ಹೊಂದದು. ಕರೆಂಟಿನ ಪೈಪು, ನೀರಿನ ಪೈಪು ಎಲ್ಲಿ ಬರಬೇಕು, ಕಿಟಕಿ ಎಷ್ಟಗಲ ಎಂಬುದೆಲ್ಲ ಕಾಂಕ್ರೀಟ್ ಸುರಿಯುವ ಮೊದಲೇ ಕಾಗದದ ಮೇಲೆ ತೀರ್ಮಾನವಾಗಿರಬೇಕು. ಅಚ್ಚು ಸರಿಯಿದ್ದರೆ ನೂರೂ ಸರಿ, ತಪ್ಪಿದ್ದರೆ ನೂರೂ ತಪ್ಪು. ವೇಗ ಸಿಗುವುದು ಇದರಿಂದಲೇ, ಅಪಾಯವೂ ಇದರಿಂದಲೇ. ಒಳ್ಳೆಯ ಕಾರ್ಖಾನೆ ಈ ಅಪಾಯವನ್ನು ಅಳತೆ ಪರೀಕ್ಷೆಯಿಂದ ತಡೆಯುತ್ತದೆ. ಮಳೆ ಬಂದರೂ ಅದರ ಕೆಲಸ ನಿಲ್ಲುವುದಿಲ್ಲ, ಸರಕು ಪೋಲಾಗುವುದು ಕಡಿಮೆ. ಇದನ್ನು ಮಕ್ಕಳಿಗೆ ಹೇಳದೆ ಬಿಟ್ಟರೆ ಕೈಕೆಲಸದ ಹೊಗಳಿಕೆ ಮಾತ್ರ ಉಳಿಯುತ್ತದೆ, ಅದು ಪಾಠವಲ್ಲ.

ಮರ ಎಂದರೆ ಕೈಕೆಲಸ, ಸಿಮೆಂಟ್ ಎಂದರೆ ರೆಡಿಮೇಡ್ ಎಂದು ಮಕ್ಕಳು ಟಿಪ್ಪಣಿಯಲ್ಲಿ ಬರೆದುಕೊಂಡಿದ್ದರು. ಅದನ್ನೂ ಒಡೆಯಬೇಕಾಯಿತು. ಅಮೆರಿಕದ ಸಿಯರ್ಸ್ ಕಂಪನಿ 1908ರಿಂದ 1940ರವರೆಗೆ ಅಂಚೆ ಮೂಲಕ ಮನೆ ಮಾರಿತು. ಮರದ ತುಂಡುಗಳು ಸಂಖ್ಯೆ ಹೊತ್ತು ರೈಲಿನಲ್ಲಿ ಬರುತ್ತಿದ್ದವು, ಕೊಂಡವರು ಪುಸ್ತಕ ನೋಡಿ ಜೋಡಿಸಿಕೊಳ್ಳುತ್ತಿದ್ದರು. ಇನ್ನು ಇಂದಿನ ಕೈಕೆಲಸದ ದಿಮ್ಮಿ ಮನೆಗಳನ್ನು ಕೂಡ ಬಹುಪಾಲು ಬಡಗಿಯ ಅಂಗಳದಲ್ಲೇ ಕಟ್ಟಿ, ದಿಮ್ಮಿಗಳಿಗೆ ಸಂಖ್ಯೆ ಬರೆದು, ಬಿಚ್ಚಿ, ಲಾರಿಗೆ ಏರಿಸಿ, ನಿವೇಶನದಲ್ಲಿ ಮತ್ತೆ ನಿಲ್ಲಿಸುತ್ತಾರೆ. ಗೆರೆ ನಾವು ಎಣಿಸಿದಷ್ಟು ನೇರವಿಲ್ಲ.

ನಮ್ಮ ದೇಶಕ್ಕೂ ಈ ಉಪಾಯ ಹೊಸದಲ್ಲ. ವಿಭಜನೆಯ ನಂತರ ದೆಹಲಿಯಲ್ಲಿ ವಸತಿ ಕೊರತೆ ತುಂಬಲು ಸರ್ಕಾರವೇ ಮನೆ ಕಾರ್ಖಾನೆ ಆರಂಭಿಸಿತ್ತು. ಹಿಂದೂಸ್ತಾನ್ ಹೌಸಿಂಗ್ ಫ್ಯಾಕ್ಟರಿ ಎಂದು ಹೆಸರಾದ ಅದು ಮುಂದೆ ಹಿಂದೂಸ್ತಾನ್ ಪ್ರಿಫ್ಯಾಬ್ ಆಯಿತು. ನಡುದಾರಿಯೊಂದು ನಮ್ಮ ಜಿಲ್ಲೆಯಲ್ಲೇ ಸಿಗುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ 'ಅಸ್ತ್ರ' ತಂಡ ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಕೇಂದ್ರ ಮಾಡಿಕೊಂಡು ಗ್ರಾಮೀಣ ತಂತ್ರಜ್ಞಾನದ ಕೆಲಸ ಮಾಡಿತು. ಆ ತಂಡ ಬೆಳೆಸಿದ ವಿಧಾನದಲ್ಲಿ ಸೈಟಿನ ಮಣ್ಣಿಗೇ ಸ್ವಲ್ಪ ಸಿಮೆಂಟ್ ಬೆರೆಸಿ, ಕೈಯಂತ್ರದಲ್ಲಿ ಒತ್ತಿ, ಸುಡದೆ ನೀರುಣಿಸಿ ಗಟ್ಟಿಮಾಡಿದ ಇಟ್ಟಿಗೆಗಳಿಂದ ಗೋಡೆ ಕಟ್ಟುತ್ತಾರೆ. ಅಚ್ಚು ಇದೆ, ಆದರೆ ಅಚ್ಚೇ ಸೈಟಿಗೆ ಬರುತ್ತದೆ. ಮೊದಲ ಇಟ್ಟಿಗೆ ಸರಿಬರದಿದ್ದರೆ ಎರಡನೆಯದಕ್ಕೇ ಮಿಶ್ರಣ ಬದಲಿಸಬಹುದು.

ಪಾವಗಡದಲ್ಲಿ 'ಕಚ್ಚಾ' ಎಂಬ ಪದ

ಪಾವಗಡದ ಪಾಠವನ್ನು ಕೊನೆಗೆ ಇಟ್ಟುಕೊಂಡದ್ದು ಬಸ್ಸಿನ ದೂರಕ್ಕಾಗಿ. ಆದರೆ ಹೆಚ್ಚು ಕಲಿತದ್ದು ಅಲ್ಲೇ.

ಅಲ್ಲಿನ ಪ್ರಶಿಕ್ಷಣಾರ್ಥಿ ಚೆನ್ನಾಗಿ ಸಿದ್ಧರಾಗಿ ಬಂದಿದ್ದರು. ಹಲಗೆಯ ಮೇಲೆ ಎರಡು ಅಂಕಣ: ಕಚ್ಚಾ ಮನೆ, ಪಕ್ಕಾ ಮನೆ. ಮಕ್ಕಳು ಒಬ್ಬೊಬ್ಬರೇ ತಮ್ಮ ಮನೆ ಯಾವ ಅಂಕಣಕ್ಕೆ ಸೇರುತ್ತದೆಂದು ಹೇಳಬೇಕು. ಆರ್‌ಸಿಸಿ, ಶೀಟು, ಹೆಂಚು ಎಂದು ಬರುತ್ತಾ ಒಬ್ಬ ಹುಡುಗನ ಸರದಿ ಬಂತು. "ಪಕ್ಕಾ" ಅಂದ. ಪಕ್ಕದವನು ನಕ್ಕ: "ಸುಳ್ಳು ಮಿಸ್, ಇವನದು ಮಣ್ಣಿನ ಮಾಳಿಗೆ." ಹುಡುಗ ಕುಳಿತುಕೊಂಡ. ಮತ್ತೆ ಆ ಅವಧಿಯಲ್ಲಿ ತಲೆ ಎತ್ತಲಿಲ್ಲ.

ಅಂಕಣ ನಮ್ಮದು, ಪದ ನಮ್ಮದು. ಕಚ್ಚಾ–ಪಕ್ಕಾ ಎಂಬ ವಿಂಗಡಣೆ ಜನಗಣತಿಗೆ ಬೇಕಾಗಬಹುದು. ತರಗತಿಯಲ್ಲಿ ಅದು ಮನೆಯನ್ನು ವಿಂಗಡಿಸುವ ಬದಲು ಮಕ್ಕಳನ್ನು ವಿಂಗಡಿಸುತ್ತದೆ. ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು 2005 ಶಾಲೆಯ ಜ್ಞಾನವನ್ನು ಹೊರಗಿನ ಬದುಕಿಗೆ ಜೋಡಿಸಬೇಕು ಎನ್ನುತ್ತದೆ. ನಾವು ಜೋಡಿಸಿದೆವು, ಆದರೆ ಮಗುವಿಗೆ ನೋವಾಗುವ ಜಾಗದಲ್ಲಿ. ಮಧ್ಯಾಹ್ನ ಪ್ರಶಿಕ್ಷಣಾರ್ಥಿ ಅತ್ತರು. ಪಾಠ ಯೋಜನೆಗೆ ಸಹಿ ಹಾಕಿದವನು ನಾನೇ ಎಂಬುದನ್ನು ಅವರಿಗೆ ನೆನಪಿಸಿದೆ.

ಮಾರನೇ ದಿನ ಅಂಕಣ ಇರಲಿಲ್ಲ. ಶಿರಾದ ಪ್ರಶ್ನೆ ಮಾತ್ರ ಹಲಗೆಯ ಮೇಲಿತ್ತು: 'ತಪ್ಪಾದರೆ ಎಲ್ಲಿ ತಿದ್ದಬಹುದು?' ಆ ಹುಡುಗನ ತಾತ ಊರಿನಲ್ಲಿ ಮಾಳಿಗೆ ಹಾಕುವುದರಲ್ಲಿ ಕೈ ಪಳಗಿದವರೆಂದು ಮುಖ್ಯಶಿಕ್ಷಕರಿಂದ ತಿಳಿದು, ಶಾಲೆಗೆ ಬರಬೇಕೆಂದು ಹಿಂದಿನ ಸಂಜೆಯೇ ಕೇಳಿಕೊಂಡಿದ್ದೆವು. ಅರ್ಧ ಕನ್ನಡ, ಅರ್ಧ ತೆಲುಗಿನಲ್ಲಿ ಅವರು ಹೇಳಿದ್ದನ್ನು ಮಕ್ಕಳೇ ನಮಗೆ ಬಿಡಿಸಿ ಹೇಳಿದರು. ಮಣ್ಣು ಕಲಸಿ ತುಳಿದು, ಒಂದೂವರೆ ಅಡಿಯಷ್ಟು ಗೋಡೆ ಏರಿಸಿ, ಅದು ಬಿಗಿಯುವವರೆಗೆ ಕಾದು, ಆಮೇಲೆ ಮುಂದಿನ ವರಸೆ. ಕಂಬದ ಮೇಲೆ ಬೋದಿಗೆ, ಬೋದಿಗೆಯ ಮೇಲೆ ತೊಲೆ, ತೊಲೆಯ ಮೇಲೆ ಜಂತೆ. ಜಂತೆಯ ಮೇಲೆ ಸೀಳಿದ ಕಟ್ಟಿಗೆ, ಅದರ ಮೇಲೆ ಸೊಪ್ಪು, ಮಣ್ಣು, ಎಲ್ಲಕ್ಕೂ ಮೇಲೆ ಚೌಳು ಮಣ್ಣು. ಸೊಟ್ಟ ಜಂತೆ ಬಂದರೆ? "ಸೊಟ್ಟ ಇರೋದನ್ನ ಉಬ್ಬು ಮೇಲಕ್ಕೆ ಮಾಡಿ ಇಡ್ಬೇಕು ಮೇಷ್ಟ್ರೇ. ಭಾರ ಬಿದ್ದಂಗೆ ನೆಟ್ಟಗಾಗ್ತದೆ" ಎಂದರು. ದಿಮ್ಮಿ ಮನೆಯ ಬಡಗಿ ಬುಡ ತುದಿ ನೋಡಿ ಇಡುವುದು ನೆನಪಾಯಿತು.

ಚೌಳು ಮಣ್ಣಿನ ಬಗ್ಗೆ ವಿಜ್ಞಾನದ ಪಾಠವೇ ಆಗಬಹುದು. ಹೊಲದಲ್ಲಿ ಚೌಳು ಎಂದರೆ ರೈತ ಹಣೆ ಚಚ್ಚಿಕೊಳ್ಳುತ್ತಾನೆ. ಅದರಲ್ಲಿ ನೀರು ಇಂಗುವುದಿಲ್ಲ, ಪೈರು ಬರುವುದಿಲ್ಲ. ಮಾಳಿಗೆಗೆ ಬೇಕಾದದ್ದು ಅದೇ ದುರ್ಗುಣ. ಅದರಲ್ಲಿರುವ ಸೋಡಿಯಂ ಅಂಶದಿಂದ ಜೇಡಿಯ ಕಣಗಳು ನೀರು ತಾಕಿದೊಡನೆ ಬಿಡಿಬಿಡಿಯಾಗಿ ಹರಡಿ ಮಣ್ಣಿನ ಸಣ್ಣ ರಂಧ್ರಗಳನ್ನು ಮುಚ್ಚಿಬಿಡುತ್ತವೆ. ಇದನ್ನು ತೋರಿಸಲು ತಳದಲ್ಲಿ ತೂತು ಮಾಡಿದ ಎರಡು ಡಬ್ಬಿ, ಒಂದಕ್ಕೆ ಕೆಮ್ಮಣ್ಣು, ಒಂದಕ್ಕೆ ಮೇಲೆ ಚೌಳು. ಒಂದೊಂದು ಲೋಟ ನೀರು ಹಾಕಿದೆವು. ಎರಡೂ ಸೋರಿದವು! ಮಕ್ಕಳು ಕೇಕೆ ಹಾಕಿದರು, ಪ್ರಶಿಕ್ಷಣಾರ್ಥಿ ನನ್ನ ಮುಖ ನೋಡಿದರು. ತಾತ ನಕ್ಕರು. "ಮಣ್ಣು ಸುರಿದ್ರೆ ಆಯ್ತಾ ತಾಯಿ? ಅದನ್ನ ಬಡೀಬೇಕು." ತಾವೇ ಡಬ್ಬಿ ತೆಗೆದುಕೊಂಡು, ಒಂದಷ್ಟು ನೀರು ಚಿಮುಕಿಸಿ, ಕಟ್ಟಿಗೆಯ ತುದಿಯಿಂದ ದಿಮ್ಮಸು ಹಾಕಿದರು. ಎರಡನೇ ಸಲ ಚೌಳಿನ ಡಬ್ಬಿಯ ಮೇಲೆ ನೀರು ಹಾಗೇ ನಿಂತಿತು. ಮೊಮ್ಮಗ ಆಗ ತಲೆಯೆತ್ತಿದ. ಇದನ್ನು ವೀಕ್ಷಣಾ ಪುಸ್ತಕದ ಯಾವ ಅಂಕಣದಲ್ಲಿ ಬರೆಯುವುದೆಂದು ನನಗೆ ಇಂದಿಗೂ ಹೊಳೆದಿಲ್ಲ.

ಮಾಳಿಗೆಯ ಗುಣಗಾನಕ್ಕೆ ತರಗತಿ ಸೀಮಿತವಾಗಲಿಲ್ಲ. ಅದಕ್ಕೆ ಕಾರಣ ಒಬ್ಬ ಹುಡುಗಿ. "ನಮ್ಮಮ್ಮಂಗೆ ಮಾಳಿಗೆ ಬೇಡ್ವೇ ಬೇಡ. ವರ್ಷ ವರ್ಷ ಮಣ್ಣು ಹೊರೋದು ಯಾರು? ಚೇಳು ಬೇರೆ ಬೀಳ್ತವೆ" ಎಂದಳು. ಜಡಿಮಳೆ ಹಿಡಿದಾಗ ಮಣ್ಣಿನ ಗೋಡೆ ನೆನೆದು ಕುಸಿದು ಪ್ರಾಣ ಹೋದದ್ದನ್ನೂ ಮಕ್ಕಳು ಕೇಳಿದ್ದರು. ಪ್ರತಿವರ್ಷ ತಿದ್ದಬಹುದು ಎಂದರೆ ಪ್ರತಿವರ್ಷ ತಿದ್ದಲೇಬೇಕು ಎಂದೂ ಅರ್ಥ, ಆ ದುಡಿಮೆ ಯಾರ ತಲೆಯ ಮೇಲೆ ಬೀಳುತ್ತದೆ ಎಂಬುದು ಗಂಡಸಾದ ನನಗೆ ಪಾಠ ಯೋಜನೆಯ ಹೊತ್ತಿನಲ್ಲಿ ಹೊಳೆದಿರಲಿಲ್ಲ.

ರೆಡಿಮೇಡ್ ಮನೆಯ ಮಾತು ಬಂದಾಗ ಮಕ್ಕಳು ತಾವಾಗಿಯೇ ತಿರುಮಣಿ ಕಡೆಯ ಸೋಲಾರ್ ಪಾರ್ಕಿಗೆ ಹೋದರು. ಸುಮಾರು 13,000 ಎಕರೆಯ, 2,050 ಮೆಗಾವ್ಯಾಟ್ ಸಾಮರ್ಥ್ಯದ ಆ ಪಾರ್ಕು ಇವರ ನೆರೆಯಲ್ಲೇ ಇದೆ. ಅಲ್ಲಿಗೆ ಕೆಲಸಕ್ಕೆ ಹೋಗುವ ತಂದೆಯ ಜೊತೆ ಹೋಗಿ 'ಡಬ್ಬಿ ಮನೆ' ನೋಡಿದ್ದ ಹುಡುಗನೊಬ್ಬ ವರ್ಣಿಸಿದ: ಲಾರಿಯಲ್ಲಿ ಬಂತು, ಕ್ರೇನು ಇಳಿಸಿತು, ಸಂಜೆಗೆ ಲೈಟು ಹತ್ತಿತು. ಎರಡು ತಗಡಿನ ನಡುವೆ ಫೋಮು ತುಂಬಿದ ಹಲಗೆಗಳ ಕೋಣೆ. "ಎ.ಸಿ. ಇದ್ರೆ ತಣ್ಣಗೆ. ಕರೆಂಟ್ ಹೋದ್ರೆ ಒಲೆ" ಎಂದು ಮುಗಿಸಿದ. ಹಾಗೇಕೆ? ಫೋಮು ಶಾಖವನ್ನು ತಡೆಯುತ್ತದೆ, ಆದರೆ ಹಿಡಿದಿಟ್ಟುಕೊಳ್ಳಲು ಅದಕ್ಕೆ ತೂಕವಿಲ್ಲ. ಕಿಟಕಿ ಬಾಗಿಲಿಂದ ಒಳಗೆ ಬಂದ ಬಿಸಿ ಅಲ್ಲೇ ಉಳಿಯುತ್ತದೆ. ಎರಡು ಅಡಿ ಮಣ್ಣಿನ ಗೋಡೆ ಹಗಲಿನ ಶಾಖವನ್ನು ನುಂಗಿ ಗಂಟೆಗಟ್ಟಲೆ ತಡವಾಗಿ ಒಳಗೆ ಬಿಡುತ್ತದೆ. ಮಧ್ಯಾಹ್ನ ಒಳಗೆ ತಂಪು, ರಾತ್ರಿ ಹತ್ತಕ್ಕೆ ಸೆಕೆ. "ಅದ್ಕೇ ಬೇಸಿಗೇಲಿ ಮಾಳಿಗೆ ಮೇಲೆ ಮಲಗೋದು" ಎಂದರು ತಾತ.

ಪಾಠದ ಕೊನೆಗೆ ಮೌಲ್ಯಮಾಪನಕ್ಕಾಗಿ 'ನಿಮ್ಮ ಮನೆಯಲ್ಲಿ ತಪ್ಪಾದರೆ ಎಲ್ಲಿ ತಿದ್ದುತ್ತೀರಿ?' ಎಂದು ಐದು ಸಾಲು ಬರೆಯಲು ಹೇಳಿದೆವು. ಆ ಹುಡುಗ ಬರೆದದ್ದು ಒಂದೇ ಸಾಲು: 'ನಮ್ಮ ಮನೆ ಸೋರುತ್ತದೆ, ಎಲ್ಲಿ ಸೋರುತ್ತದೆ ಅಂತ ನಮ್ಮ ತಾತನಿಗೆ ಗೊತ್ತು.' ಐದು ಸಾಲು ಬರೆಯದಿದ್ದರೂ ಪ್ರಶಿಕ್ಷಣಾರ್ಥಿ ಪೂರ್ಣ ಅಂಕ ಕೊಟ್ಟಿದ್ದರು. ನಾನು ಮೇಲುಸಹಿ ಹಾಕಿದೆ.

ಕೊರಟಗೆರೆಯ ಪ್ರಶಿಕ್ಷಣಾರ್ಥಿಯ ಹಳೆಯ ವೀಕ್ಷಣಾ ಪುಟದ ಕೆಳಗೆ ಕೂಡ ದಿನಾಂಕ ಹಾಕಿ ಒಂದು ಟಿಪ್ಪಣಿ ಸೇರಿಸಿದ್ದೇನೆ: 'ಪ್ರಶ್ನೆ ವಿಷಯಾಂತರವಲ್ಲ. ವೀಕ್ಷಕನ ಉತ್ತರ ತಪ್ಪು.' ಅಂಕ ತಿದ್ದಲು ನಿಯಮದಲ್ಲಿ ಅವಕಾಶವಿರಲಿಲ್ಲ.

ಅಭ್ಯಾಸ ಬೋಧನೆ ಮುಗಿಯುವ ವಾರ ಪಾವಗಡಕ್ಕೆ ಮತ್ತೆ ಹೋದಾಗ ಆ ಹುಡುಗ ನನ್ನನ್ನೂ ಪ್ರಶಿಕ್ಷಣಾರ್ಥಿಯನ್ನೂ ಮನೆಗೆ ಕರೆದ. ಮಾಳಿಗೆಯನ್ನು ಕೆಡವಿದ್ದರು. ಅವನ ತಂದೆ ಆರ್‌ಸಿಸಿ ಮನೆ ಕಟ್ಟಿಸಲು ತಳಪಾಯ ತೆಗೆಸುತ್ತಿದ್ದರು. ತಾತ ಒಂದು ಕಡೆ ಸುಮ್ಮನೆ ಕುಳಿತಿದ್ದರು. ಅಂಗಳದಲ್ಲಿ ಜಂತೆಗಳನ್ನು ಸಾಲಾಗಿ ಜೋಡಿಸಿತ್ತು, ಪ್ರತಿಯೊಂದರ ತುದಿಯಲ್ಲೂ ಸೀಮೆಸುಣ್ಣದಲ್ಲಿ ಸಂಖ್ಯೆ. ದಿಮ್ಮಿ ಬಿಚ್ಚುವವರು ಹಾಗೆ ಬರೆಯುತ್ತಾರೆಂದು ಮಿಸ್ ಹೇಳಿದ್ದರಲ್ಲ, ಅದಕ್ಕೇ ತಾನೂ ಬರೆದೆ ಎಂದ. ಹಿತ್ತಲಲ್ಲಿ ದನದ ಕೊಟ್ಟಿಗೆಗೆ ಅದೇ ಮಾಳಿಗೆಯನ್ನು ತಾತ ಮತ್ತೆ ಹಾಕುತ್ತಾರಂತೆ. ಇಪ್ಪತ್ತೆರಡು ಜಂತೆಗಳಲ್ಲಿ ಹದಿನಾಲ್ಕನೆಯದನ್ನು ಮಾತ್ರ ಗೆದ್ದಲು ತಿಂದಿತ್ತು.